ರಂಜದ ಮರಕ್ಕೆ ನಾನು ಜಾಮೀನು ನಿಂತದ್ದು

ಕಾಫಿ ಸೀಮೆಯವರಿಗೆ ಮರವನ್ನು ಸುಮ್ಮನೆ ನೋಡಲು ಬರುವುದಿಲ್ಲ. ಇದು ಚಾಡಿಯಲ್ಲ, ಮದುವೆಯಾಗಿ ಇಲ್ಲಿಗೆ ಬಂದು ಇಷ್ಟು ವರ್ಷ ಕಣ್ಣಾರೆ ಕಂಡು ಹೇಳುತ್ತಿರುವ ಮಾತು. ಬೇರೆ ಕಡೆಯ ಜನ ದೊಡ್ಡ ಮರ ಕಂಡರೆ ಹೆಗಲ ಮೇಲಿನ ಟವೆಲ್ ಹಾಸಿ ಕೆಳಗೆ ಕೂರುತ್ತಾರೆ. ಇಲ್ಲಿಯವರು ಮೊದಲು ತಲೆ ಎತ್ತಿ ನೆರಳು ಹೆಚ್ಚಾಯಿತೋ ಕಡಿಮೆಯಾಯಿತೋ ಎಂದು ನೋಡುತ್ತಾರೆ, ಆಮೇಲೆ ತಲೆ ತಗ್ಗಿಸಿ ಬುಡದಲ್ಲಿ ಮೆಣಸಿನ ಬಳ್ಳಿ ಯಾಕಿಲ್ಲ ಎಂದು ಕೇಳುತ್ತಾರೆ. ನಮ್ಮವರಂತೂ, ಅಂದರೆ ನನ್ನ ಗಂಡ, ಹೆಸರು ಹಿಡಿದು ಹೇಳುವ ಅಭ್ಯಾಸ ನನಗೆ ಇನ್ನೂ ಬಂದಿಲ್ಲ, ಮದುವೆಯಾದ ಹೊಸದರಲ್ಲಿ ನನ್ನ ತವರಿಗೆ ಬಂದಾಗ ದೇವಸ್ಥಾನದ ಮುಂದಿನ ಗರುಡಗಂಬವನ್ನು ಬಹಳ ಹೊತ್ತು ನೋಡುತ್ತ ನಿಂತಿದ್ದರು. ಅಳಿಯನ ಭಕ್ತಿ ಕಂಡು ನಮ್ಮಪ್ಪನಿಗೆ ಕಣ್ಣು ತುಂಬಿ ಬಂತು. ನನಗೆ ಮಾತ್ರ ಆ ನೋಟ ಏನೆಂದು ಗೊತ್ತಿತ್ತು. ಅವರು ಅಷ್ಟರಲ್ಲಿ ಮನಸ್ಸಿನಲ್ಲೇ ಆ ಕಂಬಕ್ಕೆ ಬಳ್ಳಿ ಹಬ್ಬಿಸಿ, ಏಣಿ ಹಾಕಿ, ಮೆಣಸು ಕುಯ್ದೂ ಮುಗಿಸಿದ್ದರು.

ಇಂಥ ಊರಿನಲ್ಲಿ, ಬಳ್ಳಿ ಹಬ್ಬಿಸಲು ನಮ್ಮತ್ತೆ ಬಿಡದ, ಕಾಫಿಗೆ ನೆರಳೂ ಆಗದ, ಕೊನೆಗೆ ಒಂದು ಹೂವನ್ನೂ ಬಿಡದ ಒಂದು ಮರಕ್ಕೆ ನಾನು ಜಾಮೀನು ನಿಂತೆ. ನನ್ನ ತವರು ಕಡೂರಿನ ಕಡೆ. ನಮ್ಮಲ್ಲಿ ಮರ ಎಂದರೆ ತೆಂಗು, ಬೇವು, ಹುಣಸೆ. ಅಲ್ಲಿಂದ ತೊಂಬತ್ತರ ದಶಕದ ಶುರುವಿನಲ್ಲಿ ಗೋಣಿಬೀಡಿನ ಹತ್ತಿರದ ಈ ಮನೆಗೆ ಬಂದೆ. ಇವರದ್ದು ಎಸ್ಟೇಟು ಎಂದು ಹೇಳಲು ಸಂಕೋಚವಾಗುವಷ್ಟು ಚಿಕ್ಕ ತೋಟ. ಕಾಫಿ ಒಣಗಿಸುವ ಕಣದ ಅಂಚಿನಲ್ಲಿ ಒಂದು ರಂಜದ ಮರ. ಪುಸ್ತಕದಲ್ಲಿ ಬಕುಳ ಎನ್ನುತ್ತಾರಲ್ಲ, ಅದೇ. ಕಳಸದ ಹತ್ತಿರದ ತಮ್ಮ ತವರಿನಿಂದ ನಮ್ಮತ್ತೆ ಅದನ್ನು ಸಸಿಯಾಗಿ ತಂದು ನೆಟ್ಟಿದ್ದರು. ನಮ್ಮವರು ಆಗಿನ್ನೂ ಚಡ್ಡಿ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದರಂತೆ. ಅತ್ತೆಯ ತವರಿನಲ್ಲಿ ಬೆಳಿಗ್ಗೆ ಎದ್ದರೆ ಹೆಣ್ಣುಮಕ್ಕಳಿಗೆಲ್ಲ ರಂಜದ ಹೂ ಆರಿಸುವುದೇ ಕೆಲಸ. ಕಡಲೆಕಾಳಿನಷ್ಟು ಪುಟ್ಟ ಹೂ, ನಡುವೆ ತಾನಾಗಿಯೇ ಒಂದು ತೂತು. ಸೂಜಿ ಬೇಡ, ಬಾಳೆ ನಾರಿಗೆ ಪೋಣಿಸಿದರಾಯಿತು. ಒಣಗಿದ ಮೇಲೂ ಪರಿಮಳ ಹೋಗುವುದಿಲ್ಲ. ಸೀರೆಯ ಟ್ರಂಕಿನಲ್ಲಿ ಹಾಕಿಟ್ಟರೆ ಮುಂದಿನ ಬೇಸಿಗೆಯವರೆಗೂ ಇರುತ್ತದೆ. ಆ ಪರಿಮಳದ ಆಸೆಗೆ ಅತ್ತೆ ಮರವನ್ನು ಮಗುವಿನಂತೆ ಸಾಕಿದ್ದರು. ದನ ಮುಟ್ಟದಂತೆ ಮುಳ್ಳು ಕಟ್ಟಿದರು, ಕಾಫಿ ಸಿಪ್ಪೆಯ ಗೊಬ್ಬರ ಹಾಕಿದರು, ಬೇಸಿಗೆಯಲ್ಲಿ ಪಾತ್ರೆ ತೊಳೆದ ನೀರನ್ನು ಹೊತ್ತು ಸುರಿದರು. ಮರ ಅಷ್ಟನ್ನೂ ತಿಂದು, ಮದುವೆ ಮನೆಯಲ್ಲಿ ಎರಡನೇ ಪಂಕ್ತಿಗೂ ಕೂರುವ ಗಟ್ಟಿಗನ ಹಾಗೆ ದುಂಡಗೆ ಬೆಳೆಯಿತು. ಹೂವಿನ ಸುದ್ದಿ ಮಾತ್ರ ಎತ್ತಲಿಲ್ಲ.

ಎತ್ತದಿದ್ದರೂ ನಡೆಯುತ್ತಿತ್ತೋ ಏನೋ. ಆದರೆ ನಮ್ಮವರು ಕಣವನ್ನು ದೊಡ್ಡದು ಮಾಡಿಸಿದ ಮೇಲೆ ಅದರ ಸಿಮೆಂಟು ಮರದ ಬುಡದವರೆಗೆ ಬಂತು. ಮಧ್ಯಾಹ್ನ ತಿರುಗಿದರೆ ಸಾಕು, ಮರದ ನೆರಳು ಒಣಗುತ್ತಿರುವ ಕಾಫಿಯ ಮೇಲೆ ಬಂದು ಕೂರುತ್ತಿತ್ತು. ಆ ಮೂಲೆಯ ಕಾಫಿ ಒಣಗುವುದಿಲ್ಲ, ಬೂಸಲು ಬರುತ್ತದೆ ಎಂದು ನಮ್ಮವರ ದೂರು. ಅದು ಸುಳ್ಳೂ ಆಗಿರಲಿಲ್ಲ. "ಹೂವಿಲ್ಲ, ಮೆಣಸಿಲ್ಲ, ಇರೋ ಬಿಸಿಲಿಗೂ ಅಡ್ಡ. ಇದನ್ನ ಎಂತಕ್ಕೆ ಇಟ್ಕಂಡಿರೋದು ಅವ್ವ?" ಎಂದು ಕಾಫಿ ಕಾಲ ಬಂದಾಗಲೆಲ್ಲ ಕೇಳುತ್ತಿದ್ದರು. ಅತ್ತೆ ಆ ಮಾತು ಕೇಳಿಸದವರಂತೆ ಅಲ್ಲಿಂದ ಎದ್ದು ಹೋಗುತ್ತಿದ್ದರು.

ಮದುವೆಯಾಗಿ ಆರು ತಿಂಗಳಾಗಿರಬಹುದು. ಆ ಸಲದ ಕಾಫಿ ಕೆಲಸ ಮುಗಿದು ಮನೆ ತಣ್ಣಗಾಗಿತ್ತು. ಬೆಳಿಗ್ಗೆ ಅಡುಗೆಮನೆಯಲ್ಲಿ ರೊಟ್ಟಿ ಹಿಟ್ಟು ನಾದುತ್ತಿದ್ದೆ. ಹಿತ್ತಲಿನಿಂದ ಅತ್ತೆಯ ಕೂಗು ಕೇಳಿಸಿತು. ಗಟ್ಟಿಯಾಗಿ ಮಾತಾಡುವುದೇ ಗೊತ್ತಿಲ್ಲದ ಹೆಂಗಸು ಅವರು. ಕಿಟಕಿಯಲ್ಲಿ ಇಣುಕಿದರೆ, ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಕೊಡಲಿ ಹಿಡಿದು ರಂಜದ ಮರದ ಮುಂದೆ ನಿಂತಿದ್ದಾರೆ! "ಎಷ್ಟು ವರ್ಷ ಅಂತ ಸಾಕದು ನಿನ್ನ? ತಿನ್ನಕ್ಕೆ ಬೇಕು, ಕುಡಿಯಕ್ಕೆ ಬೇಕು, ಒಂದು ಹೂ ಬಿಡಕ್ಕಾಗಲ್ವಾ? ನಾಚಿಕೆ ಇಲ್ದಿದ್ದು! ಇವತ್ತು ನಿನ್ನ ಕಡಿದು ಒಲೆಗೆ ಹಾಕ್ಲಿಲ್ಲ ಅಂದ್ರೆ ನನ್ನ ಹೆಸರು ಭಾಗೀರಥಿನೇ ಅಲ್ಲ!" ಎಂದು ಕೊಡಲಿಯನ್ನು ಎತ್ತೇಬಿಟ್ಟರು.

ಹಿಟ್ಟು ಬಿಟ್ಟು ಎದ್ದೆ. ಮರದ ಮೇಲಿನ ಮರುಕದಿಂದ ಎಂದು ಹೇಳಿಕೊಳ್ಳಲು ಆಸೆಯಿದೆ. ಆದರೆ ನಿಜ ಬೇರೆ. ಇಷ್ಟು ವರ್ಷ ಕೈಯಾರೆ ಸಾಕಿದ ಮರಕ್ಕೇ ಹೂ ಬಿಡಲಿಲ್ಲವೆಂದು ಈ ಶಿಕ್ಷೆಯಾದರೆ, ಬಂದು ಆರು ತಿಂಗಳಾದರೂ 'ವಿಶೇಷ'ವೇನೂ ಇಲ್ಲದ ಸೊಸೆಯ ಗತಿಯೇನು ಎಂಬುದು ನನಗೆ ಆ ಕ್ಷಣಕ್ಕೆ ಹೊಳೆದ ಯೋಚನೆ. ಹಿಟ್ಟಿನ ಕೈಯಲ್ಲೇ ಓಡಿ, ಅವರ ತೋಳಿಗೆ ಜೋತುಬಿದ್ದು ಅಳುತ್ತ ಕೂಗಿದೆ: "ಬ್ಯಾಡ್ರಿ ಅತ್ತೆ, ಬ್ಯಾಡ್ರಿ! ನಿಮ್ಮ ಕಾಲಿಗೆ ಬೀಳ್ತೀನಿ! ಬರೋ ವರ್ಷ ಹೂ ಬಿಡ್ತೈತೆ, ಬಿಟ್ಟೇ ಬಿಡ್ತೈತೆ! ನಾನ್ ಹೇಳ್ತೀನಲ್ಲ, ಇದೊಂದು ಸಲ ಬಿಟ್ಟುಬಿಡ್ರಿ!"

ಅತ್ತೆ ನನ್ನನ್ನು ನೋಡಿದರು, ಕೊಡಲಿ ನೋಡಿದರು, ಮೆಲ್ಲಗೆ ಕೆಳಗಿಳಿಸಿದರು. "ಹ್ಞೂಂ. ನೀ ಹೇಳ್ದೆ ಅಂತ ಬಿಟ್ಟಿದೀನಿ," ಎಂದು ಮರಕ್ಕೂ ಕೇಳುವಂತೆ ಹೇಳಿದರು. ಅಷ್ಟರಲ್ಲಿ ಪಕ್ಕದ ಮನೆಯ ಸೀತಕ್ಕ ಬೇಲಿ ದಾಟಿ ಏದುಸಿರು ಬಿಡುತ್ತ ಬಂದರು. "ಅಯ್ಯೋ ಭಾಗೀರಥಕ್ಕ, ನಾ ಬರೋ ಮುಂಚೆನೇ ಎತ್ತಿಬಿಟ್ರಾ? ಹಾಳು ಹಸು ಹಗ್ಗ ಕಿತ್ಕಂಡಿತ್ತು, ಅದನ್ನ ಕಟ್ಟಿ ಬರೋದ್ರೊಳಗೆ ನನ್ನ ಮಾತೆಲ್ಲ ಇವಳೇ ಹೇಳಿಬಿಟ್ಲಾ?"

"ನೀ ಬರದಿದ್ದದ್ದೇ ಚಲೋ ಆತು ಸೀತಾ. ನೀನಾಗಿದ್ರೆ ಡೈರಿಲಿ ಹಾಲಿನ ಲೆಕ್ಕ ಒಪ್ಸೋ ಹಂಗೆ ಹೇಳ್ತಿದ್ದೆ. ಇವಳ ಅಳು ಕೇಳಿ ನಂಗೇ ಕೊಡಲಿ ಎತ್ತಿದ್ದು ಎಂತಕ್ಕೆ ಅಂತ ಮರ್ತುಹೋತು ಮಾರಾಯ್ತಿ!" ಎಂದು ಅತ್ತೆ ಅಲ್ಲೇ ಕಣದ ಕಟ್ಟೆಯ ಮೇಲೆ ಕೂತು, ಸೆರಗು ಬಾಯಿಗಿಟ್ಟು ನಗತೊಡಗಿದರು. ಆಗ ನನಗೆ ತಿಳಿದದ್ದು: ಫಲ ಬಿಡದ ಮರವನ್ನು ಹೀಗೆ ಹೆದರಿಸುವುದು ಇಲ್ಲಿಯ ಹಳೆಯ ಪದ್ಧತಿಯಂತೆ. ಒಬ್ಬರು ಕೊಡಲಿ ಎತ್ತಬೇಕು, ಇನ್ನೊಬ್ಬರು ಅಡ್ಡ ಬಂದು ಬರುವ ವರ್ಷಕ್ಕೆ ಮರದ ಪರವಾಗಿ ಮಾತು ಕೊಡಬೇಕು. ಕಡಿಯುವವರ ಕೋಪವೂ ನಾಟಕ, ಬಿಡಿಸುವವರ ಕಣ್ಣೀರೂ ನಾಟಕ, ನಂಬಬೇಕಾದದ್ದು ಮರ ಮಾತ್ರ. ಇಲ್ಲಿ ಮರದ ಜೊತೆ ನಾನೂ ನಂಬಿದ್ದೆ.

ಕಣದ ಆಚೆ ತುದಿಯಲ್ಲಿ ಕಾಫಿ ಲೋಟ ಹಿಡಿದು ನಮ್ಮವರು ಎಲ್ಲವನ್ನೂ ನೋಡುತ್ತಿದ್ದರು. "ಅವ್ವ, ಇವಳು ಜಾಮೀನು ನಿಂತಾಯ್ತಲ್ಲ? ಸರಿ. ಬರೋ ಸಲ ಕಾಫಿ ಕಣಕ್ಕೆ ಬರೋದ್ರೊಳಗೆ ಹೂ ಬಿಟ್ರೆ ಮರ ಉಳೀತು. ಇಲ್ಲಾಂದ್ರೆ ನಾಟಕ ಅಲ್ಲ, ನಾನೇ ಜನ ಕರ್ಸಿ ತೆಗೆಸ್ತೀನಿ. ಆಮೇಲೆ ಇಬ್ರೂ ಮುಖ ಊದಿಸ್ಕಂಡು ಕೂರಬಾರ್ದು."

ಅತ್ತೆಯ ನಗು ನಿಂತಿತು. ಮರದ ಕಾಂಡದ ಮೇಲೆ ಒಮ್ಮೆ ಕೈಯಿಟ್ಟರು. "ಆತು. ಅವಳು ಹೇಳ್ಯಾಳಲ್ಲ," ಎಂದಷ್ಟೇ ಹೇಳಿ ಒಳಗೆ ಹೋದರು. ನಾಟಕದ ಕೊಡಲಿಗಿಂತ ಆ ಮಾತಿಗೆ ನಾನು ಹೆಚ್ಚು ಹೆದರಿದೆ.

ಬ್ಯಾಂಕಿನ ಸಾಲಕ್ಕೆ ಜಾಮೀನು ನಿಂತವರ ಪಾಡು ಕೇಳಿ ಗೊತ್ತಿತ್ತು. ಮರದ ಜಾಮೀನು ಅದಕ್ಕಿಂತ ಕಷ್ಟ. ಸಾಲಗಾರನನ್ನು ಹುಡುಕಿಕೊಂಡು ಹೋಗಿ ಅಂಗಲಾಚಬಹುದು. ಮರ ಅಲ್ಲೇ ನಿಂತಿರುತ್ತದೆ, ಏನು ಹೇಳಿದರೂ ಎಲೆ ಅಲ್ಲಾಡಿಸುತ್ತದೆ. ಸೀತಕ್ಕನ ಬಾಯಿಂದ ಸುದ್ದಿ ಊರೆಲ್ಲ ಆಯಿತು. ಗೋಣಿಬೀಡಿನ ಅಂಗಡಿಗೆ ಹೋದರೆ, "ಅಮ್ಮಾ, ನಿಮ್ಮ ಮರ ಎಂತ ಹೇಳ್ತದೆ?" ಬಸ್ಸು ಹತ್ತಿದರೆ ಕಂಡಕ್ಟರು, "ರಂಜದ ಮರದೋರು, ಹೂ ಬಂತಾ? ಹಂಗೇ ಮುಂದೆ ಹೋಗಿ, ಮುಂದೆ ಹೋಗಿ!" ಸಲಹೆಗಳಂತೂ ಸುರಿದವು. ಮೀನು ತೊಳೆದ ನೀರು ಹಾಕಿ ಎಂದರು, ಹಾಕಿದೆ. ಊರಿನ ಬೆಕ್ಕುಗಳೆಲ್ಲ ಮರದ ಬುಡದಲ್ಲಿ ಸಭೆ ಸೇರಿದವು. ಹುಳಿ ಮಜ್ಜಿಗೆ ಎರೆಯಿರಿ ಎಂದರು, ಎರೆದೆ. ಕಾಂಡಕ್ಕೆ ಹಳೆಯ ಪೊರಕೆ ಕಟ್ಟಿ, ಅವಮಾನವಾಗಿ ಹೂ ಬಿಡುತ್ತದೆ ಎಂದರು. ಕಟ್ಟಿದೆ. ಅತ್ತೆ ಅದನ್ನು ಬಿಚ್ಚಿ ಎಸೆದು, "ಬೈಸ್ಕಂಡಿದ್ದು ಸಾಕು ಅದು. ಮಾನನಾದ್ರೂ ಇರ್ಲಿ," ಎಂದರು. ಈ ಗದ್ದಲದಲ್ಲಿ ಯಾರೋ ಬುಡಕ್ಕೆ ಮೆಣಸಿನ ಬಳ್ಳಿಯ ತುಂಡೊಂದನ್ನು ನೆಟ್ಟಿದ್ದರು. ಯಾರೆಂದು ನಾನು ಕೇಳಲಿಲ್ಲ, ನಮ್ಮವರೂ ಹೇಳಲಿಲ್ಲ. ಮಾರನೇ ದಿನ ಅದು ಅಲ್ಲಿರಲಿಲ್ಲ. ಅದನ್ನೂ ಯಾರೂ ಕೇಳಲಿಲ್ಲ.

ಈಗ ಯೋಚಿಸಿದರೆ, ಆ ಒಂದು ವರ್ಷ ಮರ ನನಗೆ ಮಾಡಿದ ಉಪಕಾರ ದೊಡ್ಡದು. ಬಯಲುಸೀಮೆಯಿಂದ ಬಂದು, ಇಲ್ಲಿಯ ಮಾತು ಅರ್ಧ ಅರ್ಥವಾಗದೆ, ಅಡುಗೆಮನೆಯ ಬಾಗಿಲ ಹಿಂದೆ ನಿಂತಿದ್ದ ಹುಡುಗಿಯ ಹತ್ತಿರ ಯಾರಿಗೆ ಏನು ಮಾತಿತ್ತು? ಮರದ ನೆಪದಲ್ಲಿ ಎಲ್ಲರೂ ಮಾತಾಡಿಸಿದರು. ಸಂಜೆ ಹೊತ್ತು ಅತ್ತೆ, ನಾನು ಮರದ ಬುಡದಲ್ಲಿ ಕೂರುವುದು ರೂಢಿಯಾಯಿತು. ಮೊಗ್ಗು ಹುಡುಕುವುದು ನೆಪ. ಅತ್ತೆ ತಮ್ಮ ತವರಿನ ಕತೆ ಹೇಳುತ್ತಿದ್ದರು, ಮಳೆಗಳ ಹೆಸರು ಹೇಳಿಕೊಡುತ್ತಿದ್ದರು, ನಾನು 'ಐತೆ' ಎಂದಾಗಲೆಲ್ಲ ನಕ್ಕು, ಕೊನೆಗೆ ತಾವೇ 'ಐತೆ' ಎನ್ನತೊಡಗಿದರು. ನನಗೆ ಈ ಸೀಮೆಯ ಮಾತು ಬಂದದ್ದು ಹೂ ಬಿಡದ ಮರದ ಕೆಳಗೆ.

ಅಷ್ಟರಲ್ಲಿ ಮರಗಸಿ ಬಂತು. ಮಳೆ ಹಿಡಿಯುವ ಮುಂಚೆ ತೋಟದ ನೆರಳಿನ ಮರಗಳ ಕೊಂಬೆ ಸವರಿ ಕಾಫಿಗೆ ಬೆಳಕು ಬಿಡಿಸುವುದಕ್ಕೆ ಇಲ್ಲಿ ಮರಗಸಿ ಎನ್ನುತ್ತಾರೆ. ಆ ವರ್ಷ ಬಂದವರು ಹೊಸಬರು. ಅತ್ತೆ, ನಾನು ಕಳಸಕ್ಕೆ ಒಂದು ಮದುವೆಗೆ ಹೋಗಿದ್ದೆವು. ಕಣದ ಪಕ್ಕದ ಹಾಲುವಾಣದ ಮರಗಳನ್ನು ಸವರಿ ಎಂದು ಹೇಳಿ ನಮ್ಮವರು ತೋಟಕ್ಕಿಳಿದಿದ್ದರು. ಸಂಜೆ ಬಂದು ನೋಡಿದರೆ, ಹಾಲುವಾಣದ ಜೊತೆಗೆ ರಂಜವೂ ಮಿಲಿಟರಿಗೆ ಸೇರಿದ ಹುಡುಗನ ತಲೆಯಂತೆ ನುಣ್ಣಗೆ ನಿಂತಿತ್ತು. ನಾನು ಗದ್ದಲ ಮಾಡಿದೆ. ಮೇಸ್ತ್ರಿ ಗಾಬರಿಯಾಗಿ, "ಕಣದ ಪಕ್ಕದ ಮರ ಅಂದ್ರಲ್ಲಮ್ಮ. ಇದೂ ಕಣದ ಪಕ್ಕನೇ ಉಂಟು, ಇದೂ ಮರನೇ ಅಲ್ವಾ?" ಎಂದ. ಅವನ ಮಾತಿನಲ್ಲಿ ತಪ್ಪು ಹುಡುಕಲಾಗಲಿಲ್ಲ. ಮರ ಹತ್ತುವವನ ಕಣ್ಣಿಗೆ ಅಲ್ಲಿದ್ದದ್ದು ನೆರಳು ಮಾತ್ರ.

ಅತ್ತೆ ಮದುವೆಯ ಸೀರೆಯನ್ನೂ ಬದಲಿಸದೆ ಮರದ ಸುತ್ತ ಒಂದು ಸುತ್ತು ಬಂದು, "ಜಾಮೀನಿನೋಳೆ, ಸಗಣಿ ಕಲಸ್ಕಂಡು ಬಾ," ಎಂದರು. ನಾನು ಬಕೆಟ್ಟು ಹಿಡಿದೆ, ಕತ್ತರಿಸಿದ ಗಾಯಗಳಿಗೆಲ್ಲ ಅವರು ಸಗಣಿ ಬಳಿದರು. ಎತ್ತರದ ಕೊಂಬೆಗೆ ಏಣಿ ತಂದಿಟ್ಟು, ತಾವೇ ಹತ್ತಿ, ಕೈಚಾಚಿ ಸಗಣಿ ಇಸಿದುಕೊಂಡವರು ನಮ್ಮವರು. ಇಳಿದ ಮೇಲೆ ಕೈ ತೊಳೆಯುತ್ತ, "ಆದ್ರೆ ಮಾತು ಮಾತೇ," ಎಂದು ಗೊಣಗಿದ್ದೂ ಅವರೇ.

ಮಳೆ ಮುಗಿಯುವಷ್ಟರಲ್ಲಿ ಮರ ಚಿಗುರಿ ಮೊದಲಿಗಿಂತ ದಟ್ಟವಾಯಿತು. ಡಿಸೆಂಬರಿನಲ್ಲಿ ಅರೇಬಿಕಾ ಕೊಯ್ಲಾಗಿ ಕಣಕ್ಕೆ ಬಂತು. ಹೂವಿಲ್ಲ. ಆ ದಿನ ಊಟಕ್ಕೆ ಕೂತಾಗ ನಮ್ಮವರು ಗಂಟಲು ಸರಿಮಾಡಿಕೊಂಡರು. "ಅವ್ವ, ಕಾಫಿ ಕಣಕ್ಕೆ ಬಂತು."

"ಯಾವ ಕಾಫಿ?"

"ಯಾವುದು ಅಂದ್ರೆ? ಅರೇಬಿಕಾ."

"ರೋಬಸ್ಟಾ?"

"ಅದು ಇನ್ನೂ ಗಿಡದಲ್ಲೇ ಉಂಟು."

"ರೋಬಸ್ಟಾ ಎಂತ, ಟೀ ಪುಡಿಯಾ? ಅದು ಬಂದ್ಮೇಲೆ ತಾನೇ ಕಾಫಿ ಕಣಕ್ಕೆ ಬಂತು ಅನ್ನೋದು? ಸಾರು ಹಾಕ್ಲಾ?"

ನಮ್ಮವರು ಸಹಾಯಕ್ಕಾಗಿ ನನ್ನ ಮುಖ ನೋಡಿದರು. ನಾನು ತೊಲೆಯಲ್ಲಿ ಜೇಡರ ಬಲೆ ಇದೆಯೇ ಎಂದು ಪರೀಕ್ಷಿಸುತ್ತಿದ್ದೆ. ಹೀಗೆ ನನ್ನ ಆರೋಪಿಗೆ ಎರಡು ತಿಂಗಳ ವಾಯಿದೆ ಸಿಕ್ಕಿತು.

ಫೆಬ್ರುವರಿಯಲ್ಲಿ ರೋಬಸ್ಟಾ ಕೂಡ ಬಂತು. ಇನ್ನು ವಾದಕ್ಕೆ ಬೇರೆ ಕಾಫಿ ಉಳಿದಿರಲಿಲ್ಲ. ಮರ ಕಡಿಯುವವರಿಗೆ ಸೋಮವಾರ ಬರಲು ಹೇಳಿ ಕಳಿಸಿದ್ದಾಯಿತು. ಅತ್ತೆ ಆ ವಾರವೆಲ್ಲ ಹಿತ್ತಲ ಬಾಗಿಲು ಬಿಟ್ಟು ಮುಂದಿನ ಬಾಗಿಲಿನಿಂದಲೇ ಓಡಾಡಿದರು. ನನ್ನ ಪಾಡು ಇನ್ನೊಂದು ಬಗೆ. ಕಣದ ಧೂಳಿಗೆ ನೆಗಡಿ ಹಿಡಿದು ಮೂಗು ಪೂರ್ತಿ ಮುಚ್ಚಿತ್ತು. ಆದರೂ ದಿನಾ ಬೆಳಿಗ್ಗೆ ಮರ ನೋಡಲು ಹೋಗುತ್ತಿದ್ದೆ. ಎಲೆಗಳ ಸಂದಿನಲ್ಲಿ ಕಂದು ಬಣ್ಣದ, ನವಿರು ರೋಮದ ಪುಟ್ಟ ಗಂಟುಗಳು ಗೊಂಚಲು ಗೊಂಚಲಾಗಿ ಕಾಣುತ್ತಿದ್ದವು. ಕಂಡು ಎದೆ ಒಡೆಯಿತು. ಕಡಿಯುವ ಮುಂಚೆಯೇ ಮರಕ್ಕೆ ಹುಳ ಬಿದ್ದಿದೆ, ಇದನ್ನು ಅತ್ತೆಗೆ ಹೇಗೆ ಹೇಳುವುದು ಎಂದು ಬಾಯಿ ಮುಚ್ಚಿಕೊಂಡಿದ್ದೆ. ತೆಂಗಿನ ಹೊಂಬಾಳೆ ನೋಡಿ ಬೆಳೆದ ನನಗೆ ರಂಜದ ಮೊಗ್ಗು ಹೇಗಿರುತ್ತದೆ ಎಂದು ಯಾರು ತೋರಿಸಿದ್ದರು? ತೋರಿಸಲು ಆ ಮರವೇ ಬಿಟ್ಟಿರಲಿಲ್ಲವಲ್ಲ!

ಭಾನುವಾರ ಬೆಳಿಗ್ಗೆ ಕಾಫಿ ಹರಡಲು ಕಣಕ್ಕೆ ಹೋದ ನಮ್ಮವರು ಕೂಗಿಕೊಂಡರು. "ಯಾರದು ಕಣಕ್ಕೆ ಕಸ ಚೆಲ್ಲಿದ್ದು? ಈ ಮೂಲೆ ಪೂರ್ತಿ ಎಂತದೋ ಬಿಳೀ ಚೂರು! ಇದನ್ನೆಲ್ಲ ಆರ್ಸೋದು ಯಾರು?"

ನಾನು ಪೊರಕೆ ಹಿಡಿದು ಹೊರಟೆ. ನನಗಿಂತ ಮುಂಚೆ ಅತ್ತೆ ಹಿತ್ತಲ ಬಾಗಿಲಿಗೆ ಬಂದಿದ್ದರು. ಬಾಗಿಲಲ್ಲೇ ನಿಂತು ಒಮ್ಮೆ ಉಸಿರೆಳೆದುಕೊಂಡರು. ಆಮೇಲೆ ಮಂಡಿ ನೋವು ಎಂದು ದಿನಾ ಗೊಣಗುವ ನಮ್ಮತ್ತೆ ಕಾಫಿಯ ನಡುವೆ ದಡಬಡನೆ ನಡೆದು ಹೋಗಿ, ಮರದ ಕೆಳಗೆ ಕುಕ್ಕರುಗಾಲಿನಲ್ಲಿ ಕೂತು, ಆ ಬಿಳೀ ಚೂರುಗಳನ್ನು ಒಂದೊಂದಾಗಿ ಸೆರಗಿಗೆ ಹಾಕಿಕೊಳ್ಳತೊಡಗಿದರು. ಚಕ್ರದಂಥ ಪುಟ್ಟ ಹೂಗಳು, ನಡುವೆ ಒಂದು ತೂತು. ನಮ್ಮವರು ಕಾಫಿ ಎಳೆಯುವ ಹಲಗೆ ಹಿಡಿದುಕೊಂಡು ಕಂಬದ ಹಾಗೆ ನಿಂತಿದ್ದರು.

"ಮೊದ್ಲು ಇವಳಿಗೆ," ಎಂದು ಅತ್ತೆ ಒಂದು ಹೂವನ್ನು ನನ್ನ ಮೂಗಿಗೆ ಹಿಡಿದರು. "ಎಂತ ಪರಿಮಳ, ಅಲ್ದಾ?"

ಕಟ್ಟಿದ ಮೂಗಿಗೆ ಏನೂ ತಿಳಿಯಲಿಲ್ಲ. "ಹೌದು ಅತ್ತೆ," ಎಂದೆ. ಕಣ್ಣಲ್ಲಿ ನೀರು ಬಂತು. ಅದಕ್ಕೆ ನೆಗಡಿ ಕಾರಣವಲ್ಲ.

ನಮ್ಮವರು ಹಲಗೆಯನ್ನು ಮರಕ್ಕೆ ಒರಗಿಸಿ, ಬಗ್ಗಿ ಒಂದು ಹೂ ಎತ್ತಿ ಅಂಗಿಯ ಜೇಬಿಗೆ ಹಾಕಿಕೊಂಡರು. "ಸೋಮವಾರದೋರಿಗೆ ಬೇಡ ಅಂತ ಹೇಳಿ ಬರ್ತೀನಿ," ಎಂದು ತಿಂಡಿಯನ್ನೂ ತಿನ್ನದೆ ಸ್ಕೂಟರು ಹತ್ತಿದರು.

ಸಂತೋಷವೇನೋ ಸಂತೋಷವೇ. ಆದರೆ ಆ ಹೂಗಳು ದಿನಾ ಬೀಳುತ್ತಿದ್ದದ್ದು ಒಣಗುತ್ತಿದ್ದ ರೋಬಸ್ಟಾ ಮೇಲೆ. ಬಿಸಿಲಿಗೆ ಅವೂ ಒಣಗಿ, ಕಂದಾಗಿ, ಕಾಫಿ ಹಣ್ಣಿನ ನಡುವೆ ಅಡಗಿ ಕೂರುತ್ತಿದ್ದವು. ಆರಿಸುವುದು ಯಾರೆಂಬ ಪ್ರಶ್ನೆಯೇ ಏಳಲಿಲ್ಲ. "ಜಾಮೀನು ನಿಂತೋಳು ನೀನೇ ಅಲ್ವಾ?" ಎಂದು ಗಂಡ, ಅತ್ತೆ ಇಬ್ಬರೂ ಒಂದೇ ಸಲ ಹೇಳಿದರು. ಅವರಿಬ್ಬರೂ ಒಮ್ಮತಕ್ಕೆ ಬಂದದ್ದನ್ನು ನಾನು ಕಂಡದ್ದು ಅದೇ ಮೊದಲು. ಎಷ್ಟು ಆರಿಸಿದರೂ ಒಂದಷ್ಟು ಮೂಟೆ ಸೇರಿದವು. ಕಾಫಿ ಕೊಳ್ಳಲು ಬಂದ ಗೋಣಿಬೀಡಿನ ಸಾಹೇಬರು ಮೂಟೆಗೆ ಕೈ ಹಾಕಿ ಒಂದು ಹಿಡಿ ತೆಗೆದು ಮೂಸಿದರು. ಇನ್ನೊಂದು ಸಲ ಮೂಸಿದರು. "ಏನಮ್ಮ ಇದು, ಕಾಫಿಗೆ ಅತ್ತರು ಹಾಕಿದೀರಾ?" ನಮ್ಮವರು ಕೈ ಕೈ ಹಿಸುಕಿಕೊಂಡರು. ಸಾಹೇಬರು ಅಂಗೈ ಮೇಲಿನ ಕಾಫಿಯಿಂದ ಹೂಗಳನ್ನು ಒಂದೊಂದಾಗಿ ಆರಿಸಿ ಕರವಸ್ತ್ರದಲ್ಲಿ ಕಟ್ಟಿಕೊಂಡು, "ಕಾಫಿ ಮಂಡಿಗೆ, ಇದು ಮನೆಗೆ. ಬರೋ ವರ್ಷ ಎರಡನ್ನೂ ಬೇರೆ ಬೇರೆ ಇಟ್ಟಿರಿ, ಅಷ್ಟೇ," ಎಂದರು. ಅಂದಿನಿಂದ ಅವರ ಬೇಗಂಗೆ ವರ್ಷಕ್ಕೊಂದು ರಂಜದ ಮಾಲೆ ನಮ್ಮ ಮನೆಯಿಂದ ಹೋಗುತ್ತದೆ. ನಮ್ಮವರು ಕಣದ ಆ ಮೂಲೆಯಲ್ಲಿ ಈಗ ಕಾಫಿ ಹರಡುವುದಿಲ್ಲ. ಹಳೆಯ ಸೀರೆ ಹಾಸಿ ಹೂ ಹಿಡಿಯುತ್ತಾರೆ.

ಮರ ಹೂ ಬಿಟ್ಟದ್ದು ಯಾಕೆ ಎಂಬುದಕ್ಕೆ ನಮ್ಮವರ ಬಳಿ ಬೇರೆ ವಿವರಣೆ ಇದೆ: ಪಕ್ಕದ ಹಾಲುವಾಣ ಸವರಿದ್ದರಿಂದ ಬಿಸಿಲು ಬಿತ್ತು, ಅಷ್ಟೇ. ಇರಬಹುದು. ಊರಿನವರು ಅದನ್ನು ಒಪ್ಪಲಿಲ್ಲ. ನನ್ನ ಬಾಯಿ ಗುಣದ ಬಾಯಿ ಎಂದು ಹೆಸರಾಯಿತು. ಮಾರನೇ ವರ್ಷ ನನಗೆ ಮಗಳು ಹುಟ್ಟಿದ ಮೇಲಂತೂ ಕೇಳಬೇಡಿ. ಮಾವು, ನೇರಳೆ, ಜಾಯಿಕಾಯಿ ಎಂದು ಎಲ್ಲೆಲ್ಲಿಂದಲೋ ಕರೆ ಬಂತು. ಹೋಗಿ ಬಂದೆ. ಆದರೆ ಗುಟ್ಟು ಗೊತ್ತಾದ ಮೇಲೆ ಅಳು ಬರುವುದು ಹೇಗೆ? ಕೊಡಲಿ ಎತ್ತಿದವರ ಮುಖ ನೋಡಿದರೆ ನಗು ಬರುತ್ತಿತ್ತು. ಸೀತಕ್ಕನ ಹಲಸಿನ ಮರಕ್ಕೆ ಎರಡು ವರ್ಷ ಸತತವಾಗಿ ಮಾತು ಕೊಟ್ಟೆ. ಅದು ಒಂದು ಮಿಡಿಯನ್ನೂ ಬಿಡಲಿಲ್ಲ. ಕೊನೆಗೆ ಸೀತಕ್ಕ ನನ್ನ ಹತ್ತಿರ ಬಂದು ಸಂಕೋಚದಿಂದಲೇ ಹೇಳಿದರು: "ಬೇಜಾರು ಮಾಡ್ಕಬೇಡ ಮಾರಾಯ್ತಿ. ಮೇಲಿನ ಮನೆಗೆ ಹೊಸ ಸೊಸೆ ಬಂದಾಳೆ, ಚಿತ್ರದುರ್ಗದ ಕಡೆಯೋಳು. ಏನೂ ಗೊತ್ತಿಲ್ಲ ಪಾಪ. ಈ ಸಲ ಅವಳು ಓಡಿ ಬರೋ ಹಂಗೆ ಮಾಡ್ತೀನಿ. ನೀ ಮಾತ್ರ ಬಾಯಿ ಬಿಡಬೇಡ, ಆ ಕಡೆ ಸುಳೀಲೂ ಬೇಡ."

ನಿವೃತ್ತಿಯಾದವರ ಗಾಂಭೀರ್ಯದಿಂದ ಒಪ್ಪಿದೆ. ಆ ದಿನ ಬೆಳಿಗ್ಗೆ ನಮ್ಮ ಕಣದಲ್ಲಿ ಕೂತು ಹೂ ಆರಿಸುತ್ತಿದ್ದೆ. ಬೇಲಿಯಾಚೆ ಸೀತಕ್ಕನ ಬೈಗುಳ ಶುರುವಾಯಿತು. ಆಮೇಲೆ ಆ ಹುಡುಗಿಯ ಕೂಗು, "ಅಯ್ಯಯ್ಯೋ, ಬ್ಯಾಡಮ್ಮಾ, ಬ್ಯಾಡಾ!" ಎಂದು ಕರುಳು ಹಿಂಡುವ ಹಾಗೆ. ಎಲ್ಲ ಗೊತ್ತಿದ್ದವಳು ನಾನು. ಆದರೂ ಮಡಿಲಲ್ಲಿದ್ದ ಹೂ ಚೆಲ್ಲಿದ್ದು ಯಾವಾಗ, ಬೇಲಿ ದಾಟಿದ್ದು ಯಾವಾಗ ಎಂದು ಕೇಳಿದರೆ ನನಗೆ ತಿಳಿಯದು. ನೋಡಿದರೆ ಸೀತಕ್ಕನ ಒಂದು ತೋಳಿಗೆ ಆ ಹುಡುಗಿ ಜೋತುಬಿದ್ದಿದ್ದಾಳೆ, ಇನ್ನೊಂದಕ್ಕೆ ನಾನು.

"ಬಿಡ್ರೇ, ಬಿಡ್ರೇ, ಕೈ ಕಿತ್ತು ಬರ್ತದೆ!" ಎಂದು ಸೀತಕ್ಕ ಕಿರುಚಿಕೊಂಡರು. ಆ ವರ್ಷ ಹಲಸು ಬುಡದಿಂದ ತುದಿಯವರೆಗೆ ಬಿಟ್ಟಿತು. ನನಗೂ ಒಂದು ಹಣ್ಣು ಬಂತು, ಹುಡುಗಿಗೆ ಕೊಟ್ಟದ್ದಕ್ಕಿಂತ ಸ್ವಲ್ಪ ಚಿಕ್ಕದು.